ದೀರ್ಘ ತಪ್ಪಿದ ಜಾಮೀನು

"ಹಿಡಿಲೇ ದುರ್ಗ್ಯಾ ಇದನ್ನ, ನನ್ನ ರಟ್ಟಿ ಬಿದ್ದು ಹೋದ್ವು," ಎಂದು ಮುದುಕವ್ವ ಗೊಬ್ಬರದ ಚೀಲದಿಂದ ಹೊಲಿದ ಕೈಚೀಲವೊಂದನ್ನು ಅವನತ್ತ ಚಾಚಿದಳು.

ಐವತ್ತೆರಡು ದಿನ ಒಳಗಿದ್ದು, ಆಗಷ್ಟೇ ಗದಗಿನ ಜೈಲಿನ ಸಣ್ಣ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಬಂದವನಿಗೆ ಜಗತ್ತು ಹೇಳುವ ಮೊದಲ ಮಾತು ಇದಾಗಬಾರದಿತ್ತು. ದುರ್ಗೇಶ ಅಪ್ಪನನ್ನು ಹುಡುಕುತ್ತಿದ್ದ. ರಸ್ತೆಯಾಚೆಯ ಬೇವಿನ ಮರದ ಕೆಳಗೆ, ಚಹಾದ ಡಬ್ಬಿ ಅಂಗಡಿಯ ಹತ್ತಿರ, ನಿಂತಿದ್ದ ಆಟೋದ ಒಳಗೆ, ಎಲ್ಲ ಕಡೆ ಕಣ್ಣಾಡಿಸಿದ. ತಿರಕಪ್ಪ ಎಲ್ಲಿಯೂ ಇರಲಿಲ್ಲ. ಇದ್ದವಳು ಈ ಮುದುಕಿ, ಶಿಗ್ಲಿಯಲ್ಲಿ ಅವರ ಮನೆಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡಿದ್ದವಳು. ರಕ್ತಸಂಬಂಧವೇನೂ ಅಲ್ಲ. ಮಾತು ಬಂದಾಗಿನಿಂದ ಅಜ್ಜಿಯ ಹಾಗೆ ಆಯಿ ಅಂತ ಕರೆದಿದ್ದ, ಅಷ್ಟೇ.

ಚೀಲ ಹಿಡಿದ. ಅದು ಅವನ ಕೈಯನ್ನು ನೆಲಕ್ಕೆ ಜಗ್ಗಿತು.

"ಏನೈತಿ ಬೇ ಇದರಾಗ?"

"ನಿನ್ನ ಕಂಪನಿ ಕಬ್ಬಿಣ," ಎಂದಳು ಮುದುಕವ್ವ, ನಗದೆ.

ನಕ್ಕವಳು ಪಕ್ಕದಲ್ಲಿ ಸ್ಕೂಟರಿಗೆ ಒರಗಿ ನಿಂತಿದ್ದ ವಕೀಲೆ ಜಾಹ್ನವಿ. ಶಿಗ್ಲಿ ಶಾಲೆಯಲ್ಲಿ ತಿರಕಪ್ಪನಿಗೆ ಅಕ್ಷರ ಕಲಿಸಿದ ಶ್ರೀನಿವಾಸ ಮಾಸ್ತರರ ಮಗಳು. ಆ ಒಂದೇ ಗುರುತಿನ ಮೇಲೆ ತಿರಕಪ್ಪ ಅವಳ ಕಚೇರಿಯ ಮೆಟ್ಟಿಲು ಹತ್ತಿ, ಮಗನ ಕಾಗದಗಳನ್ನು ಮೇಜಿನ ಮೇಲೆ ಇಟ್ಟು, ಒಂದು ಮಾತೂ ಆಡದೆ ಇಳಿದು ಬಂದಿದ್ದ. ಜಾಹ್ನವಿಗೆ ತಂದೆಯಿಂದ ಬಂದ ಆಸ್ತಿಯೆಂದರೆ ಕನ್ನಡದ ಹುಚ್ಚು. ಗದಗಿನ ವಕೀಲರೆಲ್ಲ ಬೇಲ್ ಅಂದರೆ ಅವಳು ಜಾಮೀನು ಅನ್ನುತ್ತಿದ್ದಳು, ಅರ್ಜಿಯನ್ನೂ ಕನ್ನಡದಲ್ಲೇ ಬರೆಯುತ್ತಿದ್ದಳು. ಅದರಿಂದ ಇಲ್ಲಿಯವರೆಗೆ ಯಾರಿಗೂ ತೊಂದರೆ ಆಗಿರಲಿಲ್ಲ.

"ನಿನ್ನೆ ಕೋರ್ಟಿನ ಗೇಟಿನಾಗ ದೊಡ್ಡ ರಾಮಾಯಣ ಆಯ್ತು," ಎಂದಳು ಜಾಹ್ನವಿ. "ಪೊಲೀಸರು ಈ ಚೀಲ ಬಿಚ್ಚಿಸಿ ನೋಡ್ತಾರ, ಒಳಗ ಐದು ಕಲ್ಲು! ಯಾರಿಗೆ ಒಗೀಲಿಕ್ಕೆ ತಂದೀಯವ್ವಾ ಅಂತ ಕೇಳಿದ್ರ ಈಕಿ, ದೇವರನ್ನ ಯಾರರ ಒಗೀತಾರೇನಪಾ ಅಂತಾಳ. ಕಡೀಕೆ ಚೀಲ ಅವರ ಚೌಕ್ಯಾಗ ಇಟ್ಟು ಒಳಗ ಬಿಟ್ರು. ರಾತ್ರಿ ನಮ್ಮನಿ ಪಡಸಾಲ್ಯಾಗ ಮಲಗಿದ್ರೂ ಚೀಲ ತಲಿಗಿಂಬಿನ ಹತ್ರನ ಇತ್ತು."

ಏನೋ ಹರಕೆ ಇರಬೇಕು ಅಂದುಕೊಂಡ ದುರ್ಗೇಶ. ಅವನಿಗೆ ಹರಕೆಯ ವಿಚಾರ ಬೇಕಿರಲಿಲ್ಲ. ಹೊರಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಯಾರೋ ಬೆನ್ನ ಹಿಂದೆ ಬಂದು ಭುಜ ಹಿಡಿದು ಮತ್ತೆ ಒಳಗೆ ಕರೆಯುತ್ತಾರೆ ಅನ್ನಿಸುತ್ತಿತ್ತು. ಮುದುಕವ್ವ ಎಲೆ ಅಡಿಕೆ ತರಲು ಡಬ್ಬಿ ಅಂಗಡಿಗೆ ಹೋದದ್ದೇ ಜಾಹ್ನವಿ ದನಿ ಇಳಿಸಿದಳು.

"ಕೇಳಿಲ್ಲೆ. ಪ್ರತಿ ಸೋಮವಾರ ಹುಬ್ಬಳ್ಳಿ ತೆರಿಗಿ ಕಚೇರಿಗೆ ಹೋಗಿ ಸಹಿ ಮಾಡಬೇಕು. ರಾಜ್ಯ ಬಿಟ್ಟು ಹೋಗೋ ಹಂಗಿಲ್ಲ. ಒಂದು ತಾರೀಖು ತಪ್ಪಿಸಿದ್ರೂ ಜಾಮೀನು ರದ್ದಾಗ್ತದ. ಇಂಥಾ ತೆರಿಗಿ ಮೋಸದ ಪ್ರಕರಣದಾಗ ಜಾಮೀನು ಸಿಗೋದ ಕಷ್ಟ. ಸರ್ಕಾರಿ ವಕೀಲರು ಅಷ್ಟು ವಿರೋಧ ಮಾಡಿದ್ರು. ಕಾಗದಪತ್ರ ಎಲ್ಲಾ ಜಪ್ತಿ ಆಗ್ಯಾವ, ಹುಡುಗನ್ನ ಒಳಗಿಟ್ಟು ಇನ್ನ ತನಿಖೆ ಮಾಡೋದು ಏನದ ಅಂತ ನಾ ವಾದ ಮಾಡಿದೆ. ನ್ಯಾಯಾಧೀಶರು ಒಪ್ಪಿದ್ರು. ಆದ್ರ ಜಿಲ್ಲಾದೊಳಗ ಜಮೀನಿದ್ದ ಒಬ್ಬರು ಐದು ಲಕ್ಷಕ್ಕ ನಿಲ್ಲಬೇಕು ಅಂದ್ರು. ಊರಾಗ ನಿನ್ನ ಸಲುವಾಗಿ ಒಬ್ರೂ ಬರಲಿಲ್ಲ. ನಿಮ್ಮಪ್ಪ ಹತ್ತು ಮನಿ ತಿರುಗಿ ಬಂದ. ಬಂದಾಕಿ ಈಕಿ ಒಬ್ಬಾಕಿ."

"ಗೊತ್ತೈತ್ರಿ."

"ಗೊತ್ತಿಲ್ಲ ನಿನಗ. ನೀ ಪರಾರಿ ಆದಿ ಅಂದ್ರ ಆ ಐದು ಲಕ್ಷ ಈಕಿ ಕಟ್ಟಬೇಕು. ಕಟ್ಟಲಿಲ್ಲ ಅಂದ್ರ ಈಕಿ ಹೊಲ ಹರಾಜಿಗೆ ಹೋಗ್ತದ. ಪಹಣಿಯೊಳಗ ಕೋರ್ಟಿನ ಹೆಸರು ಏರಿಸ್ಲಿಕ್ಕೆ ಪತ್ರ ಆಗಲೇ ಹೋಗೇದ."

ದುರ್ಗೇಶ ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಸುಲಭವಾಗಿ ಬರುತ್ತಿತ್ತು. ಸಾಹೇಬರ ಕಚೇರಿಯಲ್ಲಿ ನಾಲ್ಕು ವರ್ಷ ಅವನು ಮಾಡಿದ ಮುಖ್ಯ ಕೆಲಸವೇ ಅದು.

ಸಾಹೇಬರೆಂದರೆ ಗದಗಿನ ಒಬ್ಬ ತೆರಿಗೆ ಸಲಹೆಗಾರ. ಬಿ.ಕಾಂ. ಮುಗಿಸಿದ ದುರ್ಗೇಶ ಅಲ್ಲಿ ವ್ಯಾಪಾರಿಗಳ ತಿಂಗಳ ಲೆಕ್ಕ ತುಂಬಲು ಸೇರಿದ್ದ. ಎರಡನೆಯ ವರ್ಷಕ್ಕೆ ಸಾಹೇಬರು ಬೇರೆ ಕಸುಬು ಕಲಿಸಿದರು. ಇಲ್ಲದ ಕಂಪನಿ ಇಲ್ಲದ ಕಬ್ಬಿಣವನ್ನು ಇನ್ನೊಂದು ಇಲ್ಲದ ಕಂಪನಿಗೆ ಮಾರಬೇಕು, ಯಾರೂ ಕಟ್ಟದ ತೆರಿಗೆಯನ್ನು ಕಟ್ಟಿದ್ದೇವೆ ಅಂತ ತೋರಿಸಿ ಸರ್ಕಾರದಿಂದ ವಾಪಸು ಪಡೆಯಬೇಕು. ಹತ್ತೊಂಬತ್ತು ಕೋಟಿಯ ಕಬ್ಬಿಣ, ಅದರಲ್ಲಿ ಒಂದು ಮೊಳೆಯೂ ಇಲ್ಲ. ಮುಂಡರಗಿಯಲ್ಲಿ ಗೋದಾಮು ಇದೆ ಅಂತ ಬರೆದ ವಿಳಾಸಕ್ಕೆ ಅಧಿಕಾರಿಗಳು ಹೋದರೆ ಅಲ್ಲಿ ಬಾಗಿಲು ಮುಚ್ಚಿದ ಒಂದು ದರ್ಜಿ ಅಂಗಡಿ ಇತ್ತಂತೆ. ಕಂಪನಿಗಳಿಗೆ ಮಾಲೀಕರು ಬೇಕಲ್ಲ, ಅವರನ್ನು ದುರ್ಗೇಶ ತನ್ನ ಊರಿನಿಂದಲೇ ಒದಗಿಸಿದ್ದ. ಪಿಂಚಣಿಯ ಕಾರ್ಡು ಹೊಸದಾಗಬೇಕು ಅಂತ ಹೇಳಿ, ಊರ ಗುಡಿಯ ಕಟ್ಟೆಯ ಮೇಲೆ ಹೆಬ್ಬೆರಳು ಒತ್ತಿಸುವ ಸಣ್ಣ ಯಂತ್ರ ಇಟ್ಟುಕೊಂಡು ಕೂತಿದ್ದ. ಆ ಬೆರಳುಗಳ ಮೇಲೆ ಸಿಮ್ಮು ತೆಗೆದು, ಆ ಸಿಮ್ಮುಗಳ ಮೇಲೆ ಕಂಪನಿ ತೆಗೆದ. ಹನ್ನೊಂದು ಜನ ಮಾಲೀಕರಾದರು. ಮೊದಲನೆಯವನು ಅವನ ಅಪ್ಪ. ನೋಟಿಸು ಹಿಡಿದು ಅಧಿಕಾರಿಗಳು ಮನೆಗೆ ಬಂದಾಗ ತಿರಕಪ್ಪ ಎಮ್ಮೆಗೆ ನೀರು ಕುಡಿಸುತ್ತಿದ್ದ. ತಾನು ತಿರಕಪ್ಪ ಸ್ಟೀಲ್ಸ್‌ನ ಮಾಲೀಕ ಅಂತ ಅವನಿಗೆ ಗೊತ್ತಾದದ್ದು ಅವತ್ತು, ಕೈಯಲ್ಲಿ ಎಮ್ಮೆಯ ಹಗ್ಗ ಹಿಡಿದುಕೊಂಡು.

ಬಸ್ ನಿಲ್ದಾಣದಲ್ಲಿ ಮುದುಕವ್ವ ಚೀಲ ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಳು. ದುರ್ಗೇಶ ನೀರು ತರುತ್ತೇನೆಂದು ಎದ್ದು ಹೋದಾಗ ನಳದ ಹತ್ತಿರ ಕಳಕೇಶ ನಿಂತಿದ್ದ. ಸಾಹೇಬರ ಕಚೇರಿಯವನೇ, ಜೊತೆಗೆ ಕೂತು ಬಿಲ್ಲು ಬರೆದವನು. ಹೇಗೋ ಅವನ ಹೆಸರು ಯಾವ ಕಾಗದದಲ್ಲೂ ಬಂದಿರಲಿಲ್ಲ.

"ಸೊರಗೀಯಲ್ಲೋ," ಎಂದ ಕಳಕೇಶ. ಕೈಕುಲುಕುವ ನೆಪದಲ್ಲಿ ಸಣ್ಣದೊಂದು ಫೋನನ್ನು ಅಂಗೈಗೆ ತುರುಕಿದ. "ಐದಕ್ಕ ಶಿಗ್ಲಿ ರಸ್ತಾದಾಗ ಕಾರ್ ನಿಂದ್ರಸ್ತೀನಿ. ಬಿಳೀದು. ಊರಿಗೆ ಹೋಗಿ ಮಂದಿಗೆ ಮಾರಿ ತೋರಿಸಿ ಬಾ. ಸಾಹೇಬ್ರು ಎಲ್ಲಾ ವ್ಯವಸ್ಥಾ ಮಾಡ್ಯಾರ. ಆರು ತಿಂಗಳು ಹೊರಗ ಇರು. ಕೆಲಸಾನೂ ಐತಿ, ಪಗಾರಾನೂ ಐತಿ."

"ಸೋಮವಾರ ಸಹಿ ಮಾಡಬೇಕು ನಾ."

"ಮಾಡಿದ್ರ ಏನಾಕ್ಕತಿ ಗೊತ್ತೈತೇನು? ಪ್ರತಿ ಸೋಮವಾರ ಕುಂಡ್ರಿಸಿ ಕೇಳತಾರ, ನಿಮ್ಮ ಸಾಹೇಬ ಯಾರು, ಪಾಸ್‌ವರ್ಡ್ ಯಾರ ಕಡೆ ಇದ್ವು, ರೊಕ್ಕ ಎಲ್ಲಿ ಹೋತು. ಎಷ್ಟ ಸೋಮವಾರ ಬಾಯಿ ಮುಚಗೊಂಡು ಕುಂಡ್ರತಿ? ಬಾಯಿ ಬಿಟ್ಟಿ ಅಂದ್ರ ಸಾಹೇಬ್ರು ಸುಮ್ನಿರತಾರೇನು? ಬಿಡಲಿಲ್ಲ ಅಂದ್ರ ಎಲ್ಲಾ ನಿನ್ನ ಮ್ಯಾಲೇ ಬರತೈತಿ. ಐದ ವರ್ಷ ಲೇ, ಐದ ವರ್ಷ."

ದುರ್ಗೇಶ ಬೆಂಚಿನ ಕಡೆ ನೋಡಿದ. ಮುದುಕವ್ವ ಎಲೆಗೆ ಸುಣ್ಣ ಸವರುತ್ತಿದ್ದಳು.

"ಆಕಿ ಹೊಲ?"

"ಆಕಿ ನಿಮ್ಮಪ್ಪನ ತಾಯಿ ಅಲ್ಲ, ನಿಮ್ಮವ್ವನ ತಾಯಿ ಅಲ್ಲ. ನೀ ಏನ್ ಕೊಡ್ ಅಂತ ಹೇಳಿದ್ದೇನು?" ಎಂದು ಕಳಕೇಶ ಗಡಿಯಾರ ನೋಡಿಕೊಂಡ. "ಐದಕ್ಕ. ಹತ್ತು ಮಿನಿಟ್ ಕಾಯತೀನಿ, ಹನ್ನೊಂದನೇದು ಇಲ್ಲ."

ಶಿರಹಟ್ಟಿ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ದುರ್ಗೇಶ ಕಿಟಕಿಯ ಬದಿ ಕೂತ, ಎದ್ದ, ಮುದುಕವ್ವನನ್ನು ಕಿಟಕಿಗೆ ಕಳಿಸಿ ತಾನು ಈಚೆ ಬಂದ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಂಡಕ್ಟರ್ ಬಂದಾಗ ಮುದುಕವ್ವ ಕುಪ್ಪಸದೊಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಧಾರ್ ಕಾರ್ಡು ತೆಗೆದು, ಪರೀಕ್ಷೆಯಲ್ಲಿ ಪಾಸಾದ ಅಂಕಪಟ್ಟಿ ತೋರಿಸುವವಳ ಹಾಗೆ ಎತ್ತಿ ಹಿಡಿದಳು. ಅವನು ಕಾರ್ಡನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ, ಪುಕ್ಕಟೆ ಚೀಟಿ ಹರಿದುಕೊಟ್ಟ. ಅವಳ ಹೆಬ್ಬೆರಳಿಗೆ ನಿನ್ನೆಯ ಕೋರ್ಟಿನ ಶಾಯಿ ಇನ್ನೂ ನೀಲಿಯಾಗಿ ಅಂಟಿತ್ತು.

ಬಸ್ಸು ಊರು ದಾಟಿತು. ಎರಡೂ ಬದಿ ಕರಿಮಣ್ಣಿನ ಹೊಲಗಳು, ಹೆಸರಿನ ಬೆಳೆ ಕಿತ್ತು ಹರಗಿ, ಹಿಂಗಾರಿ ಬಿತ್ತನೆಗೆ ಸಜ್ಜಾಗಿ ಬಿದ್ದಿದ್ದವು. ಮುದುಕವ್ವ ಬಹಳ ಹೊತ್ತು ಅವನ್ನೇ ನೋಡುತ್ತಿದ್ದಳು.

"ಅಲ್ಲೋ ದುರ್ಗ್ಯಾ, ನೀ ಕಲ್ತಾವ ಹೇಳು. ಈ ಜಜ್ಜಸಾಹೇಬ್ರು ಹೊಲ ತಾವ ಮಾಡತಾರೋ, ಬ್ಯಾರೇದವರಿಗೆ ಲಾವಣಿಗೆ ಹಾಕತಾರೋ?"

"ಯಾವ ಹೊಲ?"

"ನಂದು. ಕೊಟ್ನೆಲ್ಲ ನಿನ್ನೆ."

ದುರ್ಗೇಶ ಅವಳ ಕಡೆ ತಿರುಗಿದ.

"ಯಾರರ ಲಾವಣಿಗೆ ಹಿಡದ್ರ ಕಡ್ಲಿ ಹಾಕ್ರಿ ಅಂತ ಹೇಳಬೇಕಿತ್ತು," ಎಂದಳು ಅವಳು. "ಬಿಳಿಜೋಳ ಹಾಕಿದ್ರ ಪಡುವಲ ಮಗ್ಗಲ ಬರಂಗಿಲ್ಲ, ಅಲ್ಲಿ ಗರಸು ಐತಿ. ನಾ ಹೇಳಾಕ ಹೋದ್ನಿ, ಆ ವಕೀಲ್ತಿ ಕೈ ಹಿಡದು ಜಗ್ಗಿಬಿಟ್ಲು, ಸಾಕವ್ವಾ ಅಂತಂದು."

"ಆಯಿ, ಕೋರ್ಟಿನ್ಯಾಗ ಏನ್ ಕೇಳಿದ್ರು ನಿನಗ?"

"ಮುದುಕವ್ವ ಕೋಂ ಹನಮಪ್ಪ, ಈ ಹುಡುಗನ ಸಲುವಾಗಿ ನೀವು ನಿಮ್ಮ ಖುಷಿಯಿಂದ ಜಮೀನ ಕೊಡಾಕತ್ತೀರೇನು ಅಂತ ಕೇಳಿದ್ರು. ಖುಷಿಯಿಂದ ಯಾರ ಕೊಡತಾರ್ರೀ ಯಪ್ಪಾ, ಕೊಡೂ ಹೊತ್ತು ಬಂದೈತಿ, ಕೊಟ್ಟೇನಿ ಅಂದ್ನಿ. ಎಲ್ಲಾರೂ ನಕ್ರು. ಜಜ್ಜಸಾಹೇಬ್ರೂ ನಕ್ರು. ಅದರಾಗ ನಗೂದೇನಿತ್ತು?"

ದುರ್ಗೇಶನಿಗೆ ಎಲ್ಲ ಒಂದೇ ಸಲ ತಿಳಿಯಿತು. ನ್ಯಾಯಾಧೀಶರು ಕೇಳಿದ್ದು ಜಾಮೀನು, ಇವಳು ಕೇಳಿಸಿಕೊಂಡದ್ದು ಜಮೀನು. ಊರವರೆಲ್ಲ ಬೇಲ್ ಅನ್ನುವುದನ್ನು ಜಾಹ್ನವಿ ಅಚ್ಚ ಕನ್ನಡದಲ್ಲಿ ಹೇಳಲು ಹೋಗಿ, ಒಂದು ದೀರ್ಘದಲ್ಲಿ ಎರಡೆಕರೆ ಹತ್ತು ಗುಂಟೆ ಎರೆಹೊಲ ಹಾರಿಹೋಗಿತ್ತು. ಪಹಣಿ ಕೇಳಿದರು, ಕೊಟ್ಟಳು. ಹೆಬ್ಬೆಟ್ಟು ಕೇಳಿದರು, ಒತ್ತಿದಳು. ಪಹಣಿಯಲ್ಲಿ ಕೋರ್ಟಿನ ಹೆಸರು ಬರುತ್ತದೆ ಅಂತಲೂ ಯಾರೋ ಹೇಳಿದರು. ಮತ್ತೆ ಹೊಲ ಹೋಯಿತು ಅನ್ನುವುದಕ್ಕೆ ಇನ್ನೇನು ಬೇಕು?

"ಮತ್ತ ಈ ಕಲ್ಲು?"

"ಪಾಂಡವರು," ಎಂದು ಮುದುಕವ್ವ ಚೀಲದ ಮೇಲೆ ಕೈ ಇಟ್ಟಳು. "ಬನ್ನಿ ಗಿಡದ ಬುಡಕ ಇದ್ದದ್ದು. ಹೊಲ ಬ್ಯಾರೇದವರದಾದ ಮ್ಯಾಲೆ ಶೀಗಿ ಹುಣ್ಣಿವಿಗೆ ಇವಕ್ಕ ಎಡಿ ಇಟ್ಟು ಚರಗಾ ಚೆಲ್ಲಾಕ ಅವರ ಬರತಾರೋ ಇಲ್ಲೋ. ಕೋರ್ಟಿನವರಿಗೆ ಇದೆಲ್ಲಾ ಏನ್ ಗೊತ್ತಿರತೈತಿ? ಉಪಾಸ ಕೆಡವೂದು ಬ್ಯಾಡ ಅಂತ ನಿನ್ನೆ ನಸಕಿನ್ಯಾಗ ಕಿತಗೊಂಡು ಹಂಗ ಬಸ್ಸ ಹತ್ತಿದ್ನಿ. ಮನ್ಯಾಗ ಒಳ್ಳಕಲ್ಲಿನ ಹತ್ರ ಇಡತೀನಿ."

ಆ ಹೊಲ ಗಂಡನಿಂದ ಬಂದದ್ದಲ್ಲ. ಹನಮಪ್ಪ ಸತ್ತಾಗ ಬಿಟ್ಟು ಹೋದದ್ದು ಒಂದು ಕಂಬಳಿ. ಮುದುಕವ್ವ ಹತ್ತೊಂಬತ್ತು ವರ್ಷ ಗೋವಾದಲ್ಲಿ ರಸ್ತೆಯ ಕೆಲಸಕ್ಕೆ ಜಲ್ಲಿ ಹೊತ್ತು, ಬಿಸಿ ಡಾಂಬರಿನಲ್ಲಿ ಕಾಲು ಸುಟ್ಟುಕೊಂಡು, ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ಪಹಣಿಯಲ್ಲಿ ಹೆಂಗಸಿನ ಹೆಸರು ಮೊದಲು ಬಂದ ಮನೆ ಆ ಓಣಿಯಲ್ಲಿ ಅದೊಂದೇ. ವರ್ಷಕ್ಕೊಮ್ಮೆ ಲಕ್ಷ್ಮೇಶ್ವರಕ್ಕೆ ಹೋಗಿ ಹೊಸ ಪಹಣಿ ತೆಗೆಸಿ, ಯಾರಿಂದಾದರೂ ಓದಿಸಿ, ಮಡಿಚಿ ಇಡುತ್ತಿದ್ದಳು. ಎಷ್ಟೋ ಸಲ ಓದಿದವನು ದುರ್ಗೇಶನೇ.

ಹೇಳಬೇಕು, ಈಗಲೇ ಹೇಳಬೇಕು ಅಂತ ಅವನ ಬಾಯಿ ತೆರೆಯಿತು. ಹೊಲ ಎಲ್ಲಿಯೂ ಹೋಗಿಲ್ಲ ಬೇ, ನಾನು ತಾರೀಖಿಗೆ ಹಾಜರಾದರೆ ಸಾಕು, ನಿನ್ನದು ನಿನ್ನದೇ. ಅಷ್ಟೇ ಮಾತು. ಆದರೆ ಅದರ ಬಾಲಕ್ಕೆ ಇನ್ನೊಂದು ಮಾತು ಕಟ್ಟಿಕೊಂಡಿತ್ತು: ನಾನು ಹಾಜರಾಗದಿದ್ದರೆ. ಜೇಬಿನಲ್ಲಿ ಫೋನು ಗುರ್ರೆಂದಿತು. ಅವನ ಬಾಯಿ ಮುಚ್ಚಿತು.

ಆಮೇಲೆ ಬಂದ ಯೋಚನೆಗೆ ಅವನೇ ಬೆಚ್ಚಿದ. ಹೊಲ ಹೋಯಿತು ಅಂತಲೇ ಈ ಮುದುಕಿ ತಿಳಿದಿದ್ದಾಳೆ. ಅಳುವುದನ್ನೆಲ್ಲ ಅತ್ತು ಮುಗಿಸಿದ್ದಾಳೆ, ದೇವರನ್ನೂ ಕಿತ್ತು ತಂದಿದ್ದಾಳೆ. ತಾನು ಓಡಿಹೋಗಿ ನಾಳೆ ಅದು ನಿಜವಾಗಿ ಹರಾಜಾದರೂ ಇವಳ ಪಾಲಿಗೆ ಹೊಸದಾಗಿ ಏನೂ ಆಗುವುದಿಲ್ಲ. ಸುಮ್ಮನಿದ್ದರೆ ಆಯಿತು. ಯಾರಿಗೂ ಮೋಸ ಮಾಡಿದ ಹಾಗೆ ಆಗುವುದಿಲ್ಲ. ಈ ಲೆಕ್ಕ ಎಷ್ಟು ಸಲೀಸಾಗಿ ಕೂಡಿತೆಂದರೆ ಸಾಹೇಬರೇ ಕೂಡಿಸಿಕೊಟ್ಟ ಹಾಗಿತ್ತು. ದುರ್ಗೇಶನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೂ ಅವನು ಸುಮ್ಮನೇ ಇದ್ದ. ಶಿರಹಟ್ಟಿ ಬಂತು, ಅರ್ಧ ಬಸ್ಸು ಇಳಿಯಿತು, ಅಷ್ಟೇ ಮಂದಿ ಹತ್ತಿತು, ಅವನು ಸುಮ್ಮನೇ ಇದ್ದ.

ಲಕ್ಷ್ಮೇಶ್ವರದಲ್ಲಿ ಇಳಿದು ಶಿಗ್ಲಿಯ ಬಸ್ಸಿಗೆ ಕಾಯುವಾಗ ಗಂಟೆ ನಾಲ್ಕಾಗಿತ್ತು. ಅವನು ನಿಂತಲ್ಲಿ ನಿಲ್ಲಲಾರದೆ ನಿಲ್ದಾಣದ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಿದ್ದ. ಮುದುಕವ್ವ ಎರಡು ರೂಪಾಯಿಗೆ ಬಾಳೆಹಣ್ಣು ಕೊಡುವುದಿಲ್ಲವೆಂದ ವ್ಯಾಪಾರಿಯ ಜೊತೆ ಜಗಳ ತೆಗೆದು, ಮೂರಕ್ಕೆ ಒಂದು ತಂದು ಅವನಿಗೆ ಕೊಟ್ಟಳು.

"ತಿನ್ನು. ಜೈಲಿನ್ಯಾಗ ಕಡ್ಡಿಯಂಗ ಆಗೀ."

ಅವನು ಸಿಪ್ಪೆ ಸುಲಿದ, ತಿನ್ನಲಿಲ್ಲ. "ಆಯಿ, ಯಾಕ ಕೊಟ್ಟಿ ನೀ?" ಎಂದು ಕೇಳಿದ. ಕೇಳಬಾರದಿತ್ತು.

"ಏನ?"

"ಹೊಲ. ನಮ್ಮಪ್ಪ ನನ್ನ ಮಾರಿ ನೋಡಾಕ ಬರಲಿಲ್ಲ. ಊರ ಮಂದಿ ಉಗುಳತಾರ. ನೀ ಯಾಕ?"

ಮುದುಕವ್ವ ಚೀಲವನ್ನು ಕೆಳಗಿಟ್ಟು, ಕುಪ್ಪಸದೊಳಗಿನ ಕಾರ್ಡನ್ನು ಮತ್ತೆ ತೆಗೆದಳು. ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರಳಾಡಿಸಿದಳು.

"ಊರಾಗ ಹನ್ನೊಂದ ಮಂದಿ ಕಾರ್ಡಿನ ಮ್ಯಾಲೆ ಕಂಪನಿ ತಗದಿ. ಹೆತ್ತಪ್ಪನ್ನ ಬಿಡಲಿಲ್ಲ ನೀ. ನಾನೂ ಆ ಕಟ್ಟಿ ಮ್ಯಾಲೆ ಬಂದು ಪಾಳಿ ಹಚ್ಚಿದ್ದಿಲ್ಲೇನು? ನನ್ನ ಪಾಳಿ ಬಂದಾಗ ಏನಂದಿ? ನಿನ್ನದು ಬ್ಯಾಡ ಬಿಡ ಆಯಿ, ಮನಿಗೆ ಹೋಗು ಅಂದಿ. ಅವತ್ತ ನನಗ ಸಿಟ್ಟು ಬಂದಿತ್ತು, ಎಲ್ಲಾರದೂ ತಗೊಂಡ, ನನ್ನ ಪಿಂಚಣಿ ಅಷ್ಟ ಬಿಟ್ಟ ಅಂತ. ಪೊಲೀಸರು ಬಂದು ಹೋದ ಮ್ಯಾಲೆ ತಿಳೀತು. ಎಲ್ಲಾರನೂ ಮುಳಗಿಸಿದ, ನನ್ನೊಬ್ಬಾಕಿನ್ನ ದಂಡಿಗೆ ಬಿಟ್ಟ." ಕಾರ್ಡನ್ನು ಮತ್ತೆ ಕುಪ್ಪಸದೊಳಗೆ ಸಿಕ್ಕಿಸಿದಳು. ಅವಳು ಅಳುವುದನ್ನು ದುರ್ಗೇಶ ಎಂದೂ ನೋಡಿರಲಿಲ್ಲ, ಈಗಲೂ ಅವಳು ಅಳಲಿಲ್ಲ. "ನನ್ನ ಹೊಟ್ಟೀಲೆ ಹುಟ್ಟಿದ್ದು ಯಾವುದೂ ಉಳೀಲಿಲ್ಲ. ನನ್ನ ಮ್ಯಾಲೆ ಒಂದ ಜೀವಕ್ಕ ಮರುಕ ಬಂತಲ್ಲ. ಅಷ್ಟಕ್ಕ ಎರಡ ಎಕರೆ ಏನ್ ದೊಡ್ಡದು?"

ದುರ್ಗೇಶ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅವಳ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಇಡಿಸಿದ. ಕೆಂಪು ದೀಪ. ಸೆರಗಿನಿಂದ ಒರೆಸಿ ಮತ್ತೆ ಇಡಿಸಿದ. ಕೆಂಪು. ಕೊಬ್ಬರಿ ಎಣ್ಣೆ ತರಿಸಿ ಹಚ್ಚಿ, ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು, "ಒತ್ತ ಬೇ, ಜೋರ ಒತ್ತು," ಎಂದು ಅದುಮಿದ. ಮತ್ತೆ ಕೆಂಪು. ಜಲ್ಲಿ ಹೊತ್ತು ಹೊತ್ತು ಆ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು, ಉಜ್ಜಿದ ಹುಣಸೆ ಬೀಜದ ಹಾಗೆ ನುಣ್ಣಗಿತ್ತು. ಹಿಂದೆ ಪಾಳಿ ಉದ್ದವಿತ್ತು, ಅವನಿಗೆ ಬೇಸರ ಬಂತು. ನಿನ್ನದು ಬ್ಯಾಡ ಬಿಡ ಆಯಿ ಅಂದದ್ದು ಆಗ. ಮರುಕವೂ ಇಲ್ಲ, ಮಣ್ಣೂ ಇಲ್ಲ. ಅವಳ ಬೆರಳು ಹತ್ತಿದ್ದರೆ ಹನ್ನೆರಡನೆಯ ಕಂಪನಿ ಮುದುಕವ್ವ ಟ್ರೇಡರ್ಸ್ ಆಗುತ್ತಿತ್ತು. ಹೆಸರನ್ನೂ ಆಗಲೇ ಬರೆದಿಟ್ಟಿದ್ದ.

ಶಿಗ್ಲಿಯ ಬಸ್ಸಿನಲ್ಲಿ ಅವನು ಕೂರಲಿಲ್ಲ, ಸರಳು ಹಿಡಿದು ಬಾಗಿಲಲ್ಲೇ ನಿಂತ. ಹೊಲದ ವಿಚಾರದಲ್ಲಿ ಸುಮ್ಮನಿರುವುದು ಅವನಿಂದ ಆಗಿತ್ತು. ಈ ಮಾತಿನ ಮುಂದೆ 'ಹೂಂ' ಅಂತ ತಲೆಯಾಡಿಸಿ ಒಳ್ಳೆಯವನಾಗಿ ಓಡಿಹೋಗುವುದು ಆಗುತ್ತಿರಲಿಲ್ಲ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಕಳ್ಳ ಅನ್ನಿಸಿಕೊಂಡು ಓಡಬಹುದು, ಇದನ್ನು ಅನ್ನಿಸಿಕೊಂಡು ಹೇಗೆ ಓಡುವುದು?

ಊರಿಗೆ ಒಂದು ಮೈಲಿ ಇರುವಾಗ ಮುದುಕವ್ವ ಕಂಡಕ್ಟರನಿಗೆ ಕೂಗಿ ಬಸ್ಸು ನಿಲ್ಲಿಸಿದಳು. "ಒಂದ ಸಲ ನೋಡಿ ಹೋಗೂಣು," ಎಂದು ಇಳಿದಳು. ಅವನು ಚೀಲ ಹೊತ್ತು ಹಿಂದೆ ಇಳಿದ. ರಸ್ತೆಗೆ ಹತ್ತಿದಂತೆಯೇ ಅವಳ ಹೊಲ, ಮೂಲೆಯಲ್ಲಿ ಬನ್ನಿ ಗಿಡ. ಅಲ್ಲಿಂದ ನೂರು ಮಾರು ಮುಂದೆ, ಜಾಲಿಯ ನೆರಳಲ್ಲಿ, ಬಿಳಿಯ ಕಾರು ನಿಂತಿತ್ತು. ಐದಾಗಲು ಐದು ನಿಮಿಷ ಇತ್ತು.

ಮುದುಕವ್ವ ಬದುವಿನ ಮೇಲೆ ಕೂತು ಕಾಲು ಚಾಚಿದಳು. ಹೊಲದೊಳಗೆ ಹೆಜ್ಜೆ ಇಡಲಿಲ್ಲ. ಬೇರೆಯವರ ಹೊಲ ಅನ್ನುವ ಹಾಗೆ ದೂರದಿಂದಲೇ ನೋಡಿದಳು. ಫೋನು ಗುರ್ರೆನ್ನತೊಡಗಿತು.

"ಆಯಿ," ಎಂದ ದುರ್ಗೇಶ, "ಹೊಲ ಹೋಗಿಲ್ಲ."

ಅವಳು ತಿರುಗಿದಳು. ಅವನು ಒಂದೇ ಉಸಿರಿಗೆ ಹೇಳಿದ. ಅದು ಜಮೀನು ಅಲ್ಲ, ಜಾಮೀನು, ಬೇಲು. ಹೊಲ ಕೊಟ್ಟದ್ದಲ್ಲ, ಹೊಲದ ಮೇಲೆ ಮಾತು ಕೊಟ್ಟದ್ದು. ನಾನು ಕರೆದಾಗ ಬರದಿದ್ದರೆ ಮಾತ್ರ ಹೋಗುತ್ತದೆ. ಮುದುಕವ್ವನ ಬಾಯಲ್ಲಿ ಎಲೆ ಜಗಿಯುವುದು ನಿಂತಿತು. ಅವಳು ಹೊಲ ನೋಡಿದಳು, ಅವನನ್ನು ನೋಡಿದಳು, ಮತ್ತೆ ಹೊಲ ನೋಡಿದಳು. ಕುಣಿಯುತ್ತಾಳೆ, ಇಲ್ಲ ನಗುತ್ತಾಳೆ ಅಂದುಕೊಂಡಿದ್ದ.

"ಬಸ್ಸಿನ್ಯಾಗ ಯಾಕ ಹೇಳಲಿಲ್ಲ?" ಎಂದು ಕೇಳಿದಳು ಅವಳು.

ಕಾರಿನ ಹಾರ್ನು ಒಮ್ಮೆ ಸಣ್ಣಗೆ ಕೂಗಿತು. ಮುದುಕವ್ವ ಕಾರಿನ ಕಡೆ ನೋಡಿದಳು, ಅವನ ಜೇಬಿನ ಕಡೆ ನೋಡಿದಳು. ಹತ್ತೊಂಬತ್ತು ವರ್ಷ ಗುತ್ತಿಗೆದಾರರನ್ನು ನೋಡಿದವಳಿಗೆ ಇನ್ನು ಹೇಳಿಕೊಡುವುದು ಏನೂ ಇರಲಿಲ್ಲ.

"ಓಡಾವ ಇದ್ದಿ."

"ಹೂಂ."

"ಮತ್ತ ಯಾಕ ನಿಂತಿ? ಓಡಬೇಕಿತ್ತಲ್ಲ."

"ನಿನ್ನ ಕಾರ್ಡ ನಾ ಬಿಟ್ಟಿರಲಿಲ್ಲ ಬೇ," ಎಂದ ದುರ್ಗೇಶ. "ಮೂರು ಸಲ ಒತ್ತಿಸೇನಿ. ಎಣ್ಣಿ ಹಚ್ಚಿ ಒತ್ತಿಸೇನಿ. ನಿನ್ನ ಬೆರಳ ಹತ್ತಲಿಲ್ಲ, ಅದಕ್ಕ ಹೋಗಂದೆ. ಹತ್ತಿದ್ರ ನಿನ್ನನೂ ಮುಳಗಸ್ತಿದ್ದೆ. ಮರುಕ ಗಿರುಕ ಏನೂ ಇರಲಿಲ್ಲ."

ಮುದುಕವ್ವ ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಂಡಳು. ನೀಲಿ ಶಾಯಿಯ ಕೆಳಗೆ ಅದು ನುಣ್ಣಗೆ ಹೊಳೆಯುತ್ತಿತ್ತು. ಬಹಳ ಹೊತ್ತು ನೋಡಿದಳು. ದುರ್ಗೇಶನಿಗೆ ಅವಳು ಬೈದರೆ ಸಾಕು, ಹೊಡೆದರೆ ಸಾಕು ಅನ್ನಿಸಿತು. ನಾಳೆ ಕೋರ್ಟಿಗೆ ಹೋಗಿ ಇವನ ಜಾಮೀನು ನನಗೆ ಬೇಡ ಅಂದರೂ ಅಂದಾಳು, ಅದೂ ನ್ಯಾಯವೇ. ಅವಳು ಎಲೆಯನ್ನು ಬದುವಿನಾಚೆ ಉಗುಳಿ, ಮೊಳಕಾಲಿನ ಮೇಲೆ ಕೈಯೂರಿ ಎದ್ದಳು.

"ಹೊರು," ಎಂದು ಚೀಲ ತೋರಿಸಿ ಹೊಲದೊಳಗೆ ಇಳಿದಳು.

ಹಿಂದೆ ಬರುತ್ತಾನೋ ಇಲ್ಲವೋ ಅಂತ ತಿರುಗಿ ನೋಡಲಿಲ್ಲ. ದುರ್ಗೇಶ ಚೀಲವನ್ನು ಹೆಗಲಿಗೆ ಹಾಕಿದ. ಕಾರಿನ ಬಾಗಿಲು ತೆರೆದು ಕಳಕೇಶ ರಸ್ತೆಯ ನಡುವೆ ಬಂದು ನಿಂತು, ಕೈ ಬೀಸಿ ಏನೋ ಕೂಗಿದ. ದುರ್ಗೇಶನ ಕಾಲುಗಳು ಒಂದು ಗಳಿಗೆ ನಿಂತವು. ಕಲ್ಲುಗಳು ಬೆನ್ನಿಗೆ ಒತ್ತುತ್ತಿದ್ದವು. ಹರಗಿದ ಮಣ್ಣಿನಲ್ಲಿ ಅವಳ ಹೆಜ್ಜೆಗಳು ಆಗಲೇ ಬನ್ನಿ ಗಿಡದ ಹತ್ತಿರಕ್ಕೆ ಹೋಗಿದ್ದವು. ಅವನು ಅವುಗಳ ಹಿಂದೆ ನಡೆದ.

ಗಿಡದ ಬುಡದಲ್ಲಿ ಐದು ತಗ್ಗುಗಳು ಹಾಗೇ ಇದ್ದವು. ಮುದುಕವ್ವ ಕೂತು, ಒಂದೊಂದೇ ಕಲ್ಲನ್ನು ಅವನ ಕೈಯಿಂದ ಇಸಿದುಕೊಂಡು, ಯಾವುದು ಎಲ್ಲಿಯದು ಅಂತ ಯೋಚಿಸದೆ ಅದರದರ ತಗ್ಗಿನಲ್ಲಿ ಕೂರಿಸಿದಳು.

"ಸೋಮವಾರ ಎಷ್ಟಕ್ಕ ಹೋಗಬೇಕು ಹುಬ್ಬಳ್ಳಿಗೆ?"

"ಹತ್ತಕ್ಕ."

"ನಾನೂ ಬರತೀನಿ. ನಿನ್ನ ನಂಬಾಕ ಆಗಂಗಿಲ್ಲ. ನನಗ ಟಿಕೇಟ ಇಲ್ಲ, ನಿನ್ನ ರೊಕ್ಕ ನೀ ಕೊಡು."

ಅವಳು ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು. ಹೆಬ್ಬೆರಳಿಗೆ ಸುಣ್ಣ ಬಳಿದುಕೊಂಡು ಮೊದಲ ಕಲ್ಲಿನ ಹಣೆಗೆ ಒತ್ತಿದಳು. ಎರಡನೆಯದಕ್ಕೆ ಒತ್ತಿದಳು. ಮೂರು, ನಾಲ್ಕು. ನಾಲ್ಕು ಬಿಳಿಯ ಬೊಟ್ಟುಗಳು, ಒಂದರಲ್ಲಿಯೂ ಒಂದು ಗೆರೆಯಿಲ್ಲ. ಐದನೆಯದಕ್ಕೆ ಬಂದಾಗ ಕೈ ಹಿಂದೆ ತೆಗೆದು, ಡಬ್ಬಿಯನ್ನು ಅವನ ಮುಂದೆ ಹಿಡಿದಳು.

ಅವನು ಅರ್ಥವಾಗದೆ ಅವಳ ಮುಖ ನೋಡಿದ. ಮುದುಕವ್ವ ಅವನ ಹೆಬ್ಬೆರಳನ್ನು ತಾನೇ ಹಿಡಿದು ಸುಣ್ಣದಲ್ಲಿ ಅದ್ದಿ, ಕಲ್ಲಿನ ಮೇಲೆ ಇಡಿಸಿ, ಅದರ ಮೇಲೆ ತನ್ನ ಬೆರಳಿಟ್ಟಳು.

"ಒತ್ತು," ಎಂದಳು. "ಜೋರ ಒತ್ತು."

ಅವನು ಒತ್ತಿದ. ದಿನವೆಲ್ಲ ಹೊತ್ತು ತಂದ ಕಲ್ಲು ಇನ್ನೂ ಬೆಚ್ಚಗಿತ್ತು. ರಸ್ತೆಯ ಮೇಲೆ ಕಾರು ತಿರುಗಿಕೊಂಡು ಲಕ್ಷ್ಮೇಶ್ವರದ ಕಡೆ ಹೋದ ಸದ್ದು ಕೇಳಿಸಿತು. ಕೈ ತೆಗೆದಾಗ ಸುಣ್ಣದಲ್ಲಿ ಅವನ ಬೆರಳಿನ ಗೆರೆಗಳು ಒಂದೂ ಬಿಡದೆ ಮೂಡಿದ್ದವು.